ಮೊದಲು ಬಾಗಿಲು, ಆಮೇಲೆ ಜಾಗ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಹಾಕಿಕೊಳ್ಳುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ತೆಗೆಯುವುದು ಹೇಗೆ ಅಂತ ಕೇಳಿ ನೋಡಿ, "ಅದೇನ್ ಮಹಾ, ಪಾರ್ಟಿಷನ್ ಡಿಲೀಟ್ ಮಾಡಿದ್ರಾಯ್ತು" ಅಂದುಬಿಡುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ ಸ್ವಾಮಿ, ಪೇಚು ಶುರುವಾಗುವುದೇ ಅಲ್ಲಿ.

ನಮ್ಮ ಪಕ್ಕದ ಮನೆಯ ಹುಡುಗ ಹಾಗೇ ಮಾಡಿದ್ದ. ಕಾಲೇಜಿನ ಲ್ಯಾಬಿಗೆಂದು ಹಾಕಿಸಿದ ಉಬುಂಟು ಓದು ಮುಗಿದ ಮೇಲೆ ಬೇಡವಾಯಿತು, ಅಳಿಸಿದ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಮೇಲೆ ಒಂದೆರಡು ಸಾಲು ಇಂಗ್ಲಿಷು, ಕೆಳಗೆ 'ಗ್ರಬ್' ಎಂಬ ಪದ, ಅದರ ಪಕ್ಕ ಮಿಣುಕುವ ಕರ್ಸರ್. "ಅಂಕಲ್, ವಿಂಡೋಸೂ ಹೋಯ್ತಾ? ಪ್ರಾಜೆಕ್ಟ್ ರಿಪೋರ್ಟೆಲ್ಲ ಅದರಲ್ಲೇ ಇದೆ" ಅಂತ ಓಡಿ ಬಂದ. ಹೋಗಿರಲಿಲ್ಲ. ಗ್ರಬ್ ಅಂದರೆ ಬಾಗಿಲು ಕಾಯುವವನು. ಯಾರನ್ನು ಎಬ್ಬಿಸಬೇಕೆಂಬ ಅವನ ಪಟ್ಟಿ ಇರುವುದು ಉಬುಂಟುವಿನ ಪಾಲಿನಲ್ಲಿ. ಆ ಪಾಲನ್ನೇ ಕೆಡವಿದರೆ ಅವನಾದರೂ ಏನು ಮಾಡಿಯಾನು? ಎಫ್2 ಒತ್ತಿ ಬಯಾಸ್‌ಗೆ ಹೋಗಿ, ಬೂಟ್ ಸಾಲಿನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನು ಮೇಲಕ್ಕೆ ತಂದೆವು. ರಿಪೋರ್ಟು ಇದ್ದಲ್ಲೇ ಇತ್ತು. ಈ ಕೆಲಸವನ್ನು ಮೊದಲೇ ಮಾಡಿದ್ದರೆ ಹುಡುಗನಿಗೆ ಆ ಗಾಬರಿ ಏಕೆ ಬರುತ್ತಿತ್ತು, ಹೇಳಿ?

ಉಬುಂಟು ಅಂದ ಕೂಡಲೇ ನೆನಪಾಯಿತು. 2011ರವರೆಗೆ ಕೆನಾನಿಕಲ್ ಕಂಪನಿ ಅದರ ಸಿ.ಡಿ.ಗಳನ್ನು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿತ್ತು. ಒಂದು ಸಿ.ಡಿ.ಯಷ್ಟು ಡೌನ್‌ಲೋಡ್ ಮಾಡಲು ರಾತ್ರಿಯಿಡೀ ಕಾಯಬೇಕಿದ್ದ ಕಾಲದಲ್ಲಿ ಹೊರದೇಶದ ಲಕೋಟೆಯೊಂದು ನಮ್ಮ ಹೆಸರು ಹೊತ್ತು ಬರುವುದೆಂದರೆ! ಎಷ್ಟೋ ಹುಡುಗರು ಲಿನಕ್ಸ್ ಮುಖ ನೋಡಿದ್ದೇ ಹಾಗೆ. ತೆಗೆಯುವಾಗಲೂ ಒಂದಿಷ್ಟು ಮರ್ಯಾದೆಯಿಂದ ತೆಗೆಯಬೇಕು ಅನ್ನಿಸುವುದು ಅದಕ್ಕೇ.

ಮರ್ಯಾದೆ ಅಂದರೆ, ಮೊದಲು ಅದರ 'ಹೋಮ್' ಫೋಲ್ಡರ್ ತೆರೆದು ನೋಡುವುದು. ಫೋಟೋ, ಬರೆದಿಟ್ಟ ಪ್ರೋಗ್ರಾಂ ಏನೇನಿರುತ್ತದೋ, ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅಂದಹಾಗೆ, ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆಯನ್ನು ಮುಟ್ಟಿದಾಗ ಅದು ಕೇಳಿದರೂ ಕೇಳಬಹುದು, ಆಗ ಎಲ್ಲಿಂದ ತರುತ್ತೀರಿ?

ಬೂಟ್ ಸಾಲು ಸರಿಪಡಿಸಿ ವಿಂಡೋಸ್‌ಗೆ ಬಂದ ಮೇಲೆ ಅದರ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ವಿಂಡೋಸ್‌ಗೆ ಲಿನಕ್ಸಿನ ಎಕ್ಸ್ಟ್4 ಎಂಬ ಕಡತ ವ್ಯವಸ್ಥೆಯನ್ನು ಓದಲು ಬರದು, ಹಾಗಾಗಿ ಆ ಪಾಲಿಗೆ ಸಿ, ಡಿ ಎಂಬ ಅಕ್ಷರವಿರುವುದಿಲ್ಲ. ಆದರೆ ಅಕ್ಷರವಿಲ್ಲದ್ದೆಲ್ಲ ಲಿನಕ್ಸ್ ಅಲ್ಲ, ಎಚ್ಚರ! ಬೂಟ್ ಆಗಲು ಬೇಕಾದ ಪುಟ್ಟ ಇ.ಎಫ್.ಐ. ಪಾರ್ಟಿಷನ್ನಿಗೂ ಅಕ್ಷರವಿಲ್ಲ, ರಿಕವರಿಗೂ ಇಲ್ಲ. ಅವುಗಳ ತಂಟೆಗೆ ಹೋಗಬೇಡಿ. ಉಬುಂಟುವಿಗೆ ಎಷ್ಟು ಜಿ.ಬಿ. ಕೊಟ್ಟಿದ್ದಿರೆಂದು ನೆನಪಿಸಿಕೊಂಡು, ಅಳತೆ ತಾಳೆಯಾದದ್ದನ್ನಷ್ಟೇ ಅಳಿಸಿ. ಖಾಲಿಯಾದ ಜಾಗ ಸಿ ಡ್ರೈವಿನ ಬಲಕ್ಕೆ ಅಂಟಿಕೊಂಡಿದ್ದರೆ ಮಾತ್ರ 'ಎಕ್ಸ್‌ಟೆಂಡ್' ಕೆಲಸ ಮಾಡುತ್ತದೆ. ನಡುವೆ ಬೇರೇನಾದರೂ ಕೂತಿದ್ದರೆ ಹೊಸ ಡ್ರೈವ್ ಮಾಡಿಕೊಂಡರಾಯಿತು.

ಇಷ್ಟಾದ ಮೇಲೂ ಇ.ಎಫ್.ಐ. ಪಾರ್ಟಿಷನ್ನಿನೊಳಗೆ 'ಉಬುಂಟು' ಹೆಸರಿನ ಫೋಲ್ಡರೊಂದು ಉಳಿದಿರುತ್ತದೆ. ಕೆಲವೇ ಎಂ.ಬಿ.; ಅದರಿಂದ ಯಾರಿಗೂ ತೊಂದರೆಯಿಲ್ಲ. ಕೈ ಪಳಗಿಲ್ಲದಿದ್ದರೆ ಅದನ್ನು ಹಾಗೇ ಬಿಟ್ಟುಬಿಡಿ.