ಮಾಸ್‌ಫೆಟ್ ಎಲ್ಲಿದೆ, ಮೊದಲು ಅದು ಹೇಳಿ

ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯ ಒಂದು ಅಂಗಡಿಯವನು ಮೊನ್ನೆ ಗಾಜಿನ ಕಪಾಟಿನ ಮೇಲೆ, ಗೇಮ್ ಯಂತ್ರದ ಬೀಗ ತೆರೆಯುವ ಮೂರು ಮಾಡ್‌ಚಿಪ್ ಸಾಲಾಗಿ ಇಟ್ಟ. ಮೂರರ ನೆತ್ತಿಯೂ ಸವೆದಿತ್ತು. ಐಸಿಯ ಮೇಲೆ ಇರಬೇಕಾದ ಹೆಸರಿಲ್ಲ, ನಂಬರಿಲ್ಲ. ಉಜ್ಜುಕಾಗದದಿಂದ ತಿಕ್ಕಿದ ಗೀರುಗಳಷ್ಟೇ. ಯಾವುದು ಯಾವ ಚಿಪ್ಪು ಅಂತ ಕೇಳಿದರೆ "ಸಬ್ ಏಕೀಚ್ ಹೈ ಸಾಬ್, ಕೋಯಿ ಭೀ ಲೇಲೋ" ಅಂದ. ಎಲ್ಲವೂ ಒಂದೇ ಆಗಿದ್ದರೆ ಹೆಸರನ್ನು ತಿಕ್ಕಿ ಅಳಿಸುವ ಕಷ್ಟ ಯಾಕೆ ಬೇಕಿತ್ತು? ಗುರುತು ಅಳಿಸಿದ ಐಸಿ ಕಂಡರೆ ನನಗೆ ಮೈ ಉರಿಯುತ್ತದೆ. ಕೊಳ್ಳುವವನು ಓದಿ ತಿಳಿದುಕೊಳ್ಳಬಾರದು ಅಂತಲೇ ಮಾಡಿದ ಕೆಲಸ ಅದು.

ಜೊತೆಗೆ ಬಂದಿದ್ದ ಹುಡುಗ ಬೀದರ್ ಕಡೆಯವನು. ಉಸ್ಮಾನಿಯಾದಲ್ಲಿ ಎಂಎಸ್ಸಿ ಮಾಡುತ್ತಿದ್ದಾನೆ, ತಾರ್ನಾಕದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ರೂಮು. ಯಾರಿಂದಲೋ ಒಂದು ಹಳೇ ನಿಂಟೆಂಡೋ ಸ್ವಿಚ್ ಲೈಟ್ ಕೊಂಡಿದ್ದಾನೆ. "ಕಾಕಾ, ಯಾವುದು ಲಗೂನ ಬೂಟ್ ಆಗ್ತದ, ಅದೇ ತಗೊಂಡ್ರಾಯ್ತಲ್ಲ?" ಅಂದ. ಈ ಪ್ರಶ್ನೆ ಅವನೊಬ್ಬನದಲ್ಲ. ಚಿಪ್ ಹಾಕುವವರು, ಹಾಕಿಸಿಕೊಳ್ಳುವವರು ಯಾರೇ ಸಿಗಲಿ, ಮಾತು ಶುರುವಾಗುವುದೇ ಸೆಕೆಂಡುಗಳಿಂದ. ನಂದು ಇಷ್ಟು ಸೆಕೆಂಡಿಗೆ ಹೊಡೀತದೆ, ನಿಂದು ಎಷ್ಟಕ್ಕೆ? ಚಿಪ್ಪನ್ನು ಅಳೆಯುವ ಅಳತೆ ಇದಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಮಾಸ್‌ಫೆಟ್ ಎಲ್ಲಿ ಕೂತಿದೆ?

2017ರ ಮಾರ್ಚ್‌ನಲ್ಲಿ ಬಂದ ಮೊದಲ ಸ್ವಿಚ್‌ಗಳಿಗೆ ಚಿಪ್ಪಿನ ಹಂಗೇ ಇರಲಿಲ್ಲ. ಎನ್ವಿಡಿಯಾದ ಟೆಗ್ರಾ ಎಕ್ಸ್1 ಒಳಗಿನ ಬೂಟ್‌ರೋಮ್‌ನಲ್ಲಿ ಒಂದು ತಪ್ಪು ಉಳಿದುಬಿಟ್ಟಿತ್ತು. ಯುಎಸ್‌ಬಿಯಿಂದ ಕೇಳಿದಷ್ಟು ಉದ್ದದ ಡೇಟಾವನ್ನು, ಜಾಗ ಇದೆಯೋ ಇಲ್ಲವೋ ನೋಡದೆ, ಅದು ನಕಲು ಮಾಡುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಈ ವಿಷಯ ಬಯಲಾಯಿತು. ಬೂಟ್‌ರೋಮ್ ಸಿಲಿಕಾನಿನಲ್ಲೇ ಅಚ್ಚಾಗಿರುವುದರಿಂದ ಆಗಲೇ ಮಾರಿದ ಯಂತ್ರಗಳನ್ನು ಯಾವ ಅಪ್‌ಡೇಟ್‌ನಿಂದಲೂ ಸರಿಪಡಿಸಲು ಬರಲಿಲ್ಲ. 2019ರಲ್ಲಿ ಬಂದ ಲೈಟ್‌ನಲ್ಲಿ ಟೆಗ್ರಾ ಹೊಸದು, ಆ ಬಾಗಿಲು ಮುಚ್ಚಿದೆ. ಅಲ್ಲಿಂದ ಮುಂದೆ ಉಳಿದ ದಾರಿ ವೋಲ್ಟೇಜ್ ಗ್ಲಿಚ್. ಪ್ರೊಸೆಸರ್ ತನ್ನ ಮೊದಲ ಪ್ರೋಗ್ರಾಮಿನ ಸಹಿ ನೋಡುವ ಕ್ಷಣಕ್ಕೆ ಸರಿಯಾಗಿ ಅದರ ಕೋರ್ ವೋಲ್ಟೇಜನ್ನು ಮೈಕ್ರೋಸೆಕೆಂಡಿನ ಒಂದು ಪಾಲಿನಷ್ಟು ಹೊತ್ತು ಕೆಳಕ್ಕೆ ಎಳೆದು ಬಿಡುವುದು. ಪ್ರೊಸೆಸರ್ ಆ ಒಂದು ಹೆಜ್ಜೆ ಎಡವುತ್ತದೆ, ತಪ್ಪು ಸಹಿಯನ್ನು ಸರಿ ಅಂತ ಒಪ್ಪಿಕೊಳ್ಳುತ್ತದೆ. ಮಾಡ್‌ಚಿಪ್ ಯಂತ್ರದ ಮೆಮೊರಿಯಾದ ಇಎಂಎಂಸಿಯ ತಂತಿಗಳ ಮೇಲೆ ಕಿವಿಯಿಟ್ಟು ಆ ಕ್ಷಣ ಯಾವಾಗ ಬರುತ್ತದೆಂದು ಲೆಕ್ಕ ಹಾಕುತ್ತದೆ. ವೋಲ್ಟೇಜ್ ಎಳೆಯುವ ಕೈ ಮಾತ್ರ ಮಾಸ್‌ಫೆಟ್ ಅನ್ನುವ ಟ್ರಾನ್ಸಿಸ್ಟರಿನದು.

ಆ ಕೈ ಪ್ರೊಸೆಸರ್‌ನಿಂದ ದೂರ ಇದ್ದರೆ ಏನಾಗುತ್ತದೆ? ಒಂದು ಮಿಲಿಮೀಟರ್ ತಂತಿಗೆ ಸುಮಾರು ಒಂದು ನ್ಯಾನೋಹೆನ್ರಿ ಇಂಡಕ್ಟೆನ್ಸ್ ಅನ್ನುವುದು ಈ ಕೆಲಸದವರೆಲ್ಲ ಬಲ್ಲ ಲೆಕ್ಕ. ಮಾಸ್‌ಫೆಟ್ಟನ್ನು ಚಿಪ್ಪಿನ ಬೋರ್ಡಿನ ಮೇಲೇ ಕೂರಿಸಿ, ಅಲ್ಲಿಂದ ಪ್ರೊಸೆಸರಿನ ಕೆಪಾಸಿಟರ್‌ಗಳವರೆಗೆ ನಾಲ್ಕೈದು ಸೆಂಟಿಮೀಟರ್ ತಂತಿ ಎಳೆದರೆ ಚೂಪಾಗಿ ಇಳಿಯಬೇಕಾದ ವೋಲ್ಟೇಜ್ ಮೊಂಡಾಗಿ ಇಳಿಯುತ್ತದೆ, ಏಳುವಾಗ ತೂಗಾಡುತ್ತದೆ. ಗ್ಲಿಚ್ ಒಂದು ಸಲ ಹತ್ತುತ್ತದೆ, ಇನ್ನೊಂದು ಸಲ ಹತ್ತುವುದಿಲ್ಲ. ಆಮೇಲೆ ಇದೇ ಜನ "ಈ ಕಂಪನಿ ಚಿಪ್ ಸರಿಯಿಲ್ಲ" ಅಂತ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಚಿಪ್ಪಿನದೇನೂ ತಪ್ಪಿಲ್ಲ. ಮಾಸ್‌ಫೆಟ್ಟು ಪ್ರೊಸೆಸರಿನ ಮಗ್ಗುಲಲ್ಲೇ ಇರಬೇಕು, ಗ್ರೌಂಡ್ ತಂತಿ ಅದಕ್ಕೆ ಅಂಟಿಕೊಂಡು ಗಿಡ್ಡಗೆ ಇರಬೇಕು, ಗೇಟ್‌ಗೆ ಹೋಗುವ ತಂತಿ ಬೇಕಾದರೆ ಉದ್ದವಿರಲಿ. ಇಷ್ಟನ್ನು ಪಾಲಿಸಿದ ಅಗ್ಗದ ಚಿಪ್ಪು, ಪಾಲಿಸದ ದುಬಾರಿ ಚಿಪ್ಪಿಗಿಂತ ಚೆನ್ನಾಗಿ ಬಾಳುತ್ತದೆ. ಸೆಕೆಂಡಿನ ಲೆಕ್ಕಕ್ಕೂ ಬೆಲೆ ಇಲ್ಲ. ಚಿಪ್ಪು ಮೊದಲ ಸಲ ಬೇರೆ ಬೇರೆ ಕ್ಷಣಗಳನ್ನು ಹುಡುಕಿ ನೋಡುತ್ತದೆ, ಹತ್ತಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತದೆ. ಬೆಸುಗೆ ಶುದ್ಧವಾಗಿದ್ದರೆ ವೇಗ ತಾನಾಗಿ ಬರುತ್ತದೆ.

ಇನ್ನು ತಂತಿಯ ವಿಚಾರ. ಇದರಲ್ಲಿ ನನಗೆ ಬಹಳ ಜನರ ಜೊತೆ ಜಗಳವಿದೆ.

ಡೇಟಾ ತಂತಿಗಳಿಗೆ ಎನಾಮಲ್ ಲೇಪದ ತಾಮ್ರದ ತಂತಿಯೇ ಸರಿ, 42 ಗೇಜು, ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪ. ಪ್ಲಾಸ್ಟಿಕ್ ಹೊದಿಕೆಯ ದಪ್ಪ ತಂತಿ ತಂದು ಸ್ವಿಚ್ ಒಳಗೆ ತುರುಕುವವರಿದ್ದಾರೆ. ಮೇಲಿನ ಲೋಹದ ಮುಚ್ಚಳ ಕೂರುವುದಿಲ್ಲ, ಒತ್ತಿ ಕೂರಿಸುತ್ತಾರೆ, ಒತ್ತಡಕ್ಕೆ ಪ್ಯಾಡೇ ಕಿತ್ತು ಬರುತ್ತದೆ. ಸಣ್ಣ ತಂತಿ ತಂದವರ ಕಥೆ ಬೇರೆ. ಅವರು ರಾಣಿಗಂಜಿಗೆ ಹೋಗಿ ಮೋಟಾರ್ ವೈಂಡಿಂಗ್ ತಂತಿ ತರುತ್ತಾರೆ. ಮೋಟಾರಿನ ತಂತಿಯ ಮೇಲೆ ಸಾಮಾನ್ಯವಾಗಿ ಇರುವುದು ಪಾಲಿಯೆಸ್ಟರ್ ಜಾತಿಯ ಎನಾಮಲ್. ಮೋಟಾರು ಕಾದರೂ ಸುಡಬಾರದು ಅಂತಲೇ ಮಾಡಿದ್ದು. ಸೋಲ್ಡರಿಂಗ್ ಐರನ್ನಿಗೆ ಅದು ಜಗ್ಗುವುದಿಲ್ಲ. ಆಗ ಬ್ಲೇಡು ಹಿಡಿದು ಕೆರೆಯುತ್ತಾರೆ. ಕೂದಲಿನಷ್ಟು ದಪ್ಪದ ತಂತಿಗೆ ಬ್ಲೇಡು ತಗುಲಿದರೆ ಅಲ್ಲೊಂದು ಕಚ್ಚು ಬೀಳುತ್ತದೆ, ತಿಂಗಳೊಪ್ಪತ್ತಿನಲ್ಲಿ ಆ ಕಚ್ಚಿನಲ್ಲೇ ತುಂಡಾಗುತ್ತದೆ. ಇನ್ನು ಕೆಲವರು ಲೈಟರ್ ಹಚ್ಚಿ ಸುಡುತ್ತಾರೆ. ತಾಮ್ರ ಕಪ್ಪಾಗುತ್ತದೆ, ಕಪ್ಪು ತಾಮ್ರಕ್ಕೆ ಸೀಸ ಹಿಡಿಯುವುದೇ ಇಲ್ಲ.

ಬೇಕಾದದ್ದು ಪಾಲಿಯುರಿಥೇನ್ ಎನಾಮಲ್‌ನ ತಂತಿ. ರಿಲೇ ಕಾಯಿಲ್, ರೇಡಿಯೋ ಕಾಯಿಲ್ ಸುತ್ತುವವರ ಬಳಿ ಇರುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಐರನ್ನಿನ ತುದಿಯಲ್ಲಿ ಒಂದು ಗುಂಡು ಸೀಸ ಕರಗಿಸಿ, ಸ್ವಲ್ಪ ರೋಸಿನ್ ಫ್ಲಕ್ಸ್ ಸವರಿ, ತಂತಿಯ ತುದಿಯನ್ನು ಆ ಗುಂಡಿನೊಳಗೆ ನಿಧಾನವಾಗಿ ಅದ್ದಬೇಕು. ಐರನ್ನು 390 ಡಿಗ್ರಿಯ ಆಸುಪಾಸಿನಲ್ಲಿರಲಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಎನಾಮಲ್ ಕುಗ್ಗಿ, ಒಂದು ಎಳೆ ಹೊಗೆ ಎದ್ದು, ಕೆಂಪು ತುದಿ ಬೆಳ್ಳಗಾಗುತ್ತಾ ಮೇಲಕ್ಕೆ ಏರುತ್ತದೆ. ಎಷ್ಟು ಅದ್ದಿದೆವೋ ಅಷ್ಟೇ ಬೆಳ್ಳಗೆ, ಮಿಕ್ಕಿದ್ದು ಕೆಂಪಗೆ, ನಡುವೆ ಗೆರೆ ಕೊಯ್ದಂತೆ. ಅರ್ಧ ಮಿಲಿಮೀಟರಿನಷ್ಟು ಬೆಳ್ಳಗಾದರೆ ಸಾಕು. ಇದನ್ನು ನೋಡುವುದೇ ನನಗೆ ಒಂದು ಸುಖ, ಎಷ್ಟು ನೋಡಿದರೂ ಸಾಲದು. ಆ ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಬೇಕು. ಬೆಸುಗೆಗೆ 63–37ರ ಸೀಸ ಇರಲಿ. ಅದು 183 ಡಿಗ್ರಿಯಲ್ಲಿ ಒಮ್ಮೆಗೇ ಕರಗುತ್ತದೆ, ಒಮ್ಮೆಗೇ ಗಟ್ಟಿಯಾಗುತ್ತದೆ. 60–40 ನಡುವೆ ಕೆಲಹೊತ್ತು ಅಂಬಲಿಯಾಗಿ ಉಳಿಯುತ್ತದೆ, ಅಷ್ಟರಲ್ಲಿ ಕೈ ಅಲ್ಲಾಡಿದರೆ ಬೆಸುಗೆ ಕೆಟ್ಟಿತು.

ತಂತಿ ಕೂತ ಮೇಲೆ ಅದನ್ನು ಹಾಟ್ ಗ್ಲೂ ಸುರಿದು ಹೂಳುತ್ತಾರೆ. ಯಾಕೆ ಅಂದರೆ "ಗಟ್ಟಿಯಾಗಿರಲಿ" ಅನ್ನುತ್ತಾರೆ. ನಾಳೆ ಬ್ಯಾಟರಿ ಬದಲಿಸಲು, ಸ್ಟಿಕ್ ರಿಪೇರಿಗೆ ಬಿಚ್ಚಿದವನು ಆ ಗ್ಲೂ ಎಳೆದರೆ ತಂತಿ, ಪ್ಯಾಡು, ಪಕ್ಕದ ರೆಸಿಸ್ಟರ್ ಎಲ್ಲ ಜೊತೆಗೇ ಕಿತ್ತು ಬರುತ್ತವೆ. ಯುವಿ ಸೋಲ್ಡರ್ ಮಾಸ್ಕಿನ ಒಂದು ಹನಿ ಅಲ್ಲಲ್ಲಿ ಇಟ್ಟು ಬೆಳಕು ಹಿಡಿದರೆ ಮುಗಿಯಿತು. ತನ್ನ ನಂತರ ಇನ್ನೊಬ್ಬ ಈ ಯಂತ್ರವನ್ನು ಬಿಚ್ಚುತ್ತಾನೆ ಅನ್ನುವ ಎಣಿಕೆಯೇ ಇಲ್ಲದವರು ಐರನ್ ಹಿಡಿಯಬಾರದು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಚಿಪ್ಪು ಯಾವುದು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಈ ಸಿಟ್ಟಿನಿಂದಲೇ ಬಂದದ್ದು. ಲೈಟ್‌ಗೆ ಅಂತ ಬಂದ ಮೊದಲ ಚಿಪ್ಪು ಟೀಮ್ ಎಕ್ಸಿಕ್ಯೂಟರ್‌ನವರ ಎಸ್‌ಎಕ್ಸ್ ಲೈಟ್, 2020ರಲ್ಲಿ. ಕೌಶಲದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಎಸ್‌ಎಕ್ಸ್ ಓಎಸ್ ನಡೆಸಲು ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕಿತ್ತು. ಅದಕ್ಕಿಂತ ಕೆಟ್ಟದ್ದು, ಅದನ್ನು ಕೆದಕಿ ನೋಡಿದರೆ ಇಎಂಎಂಸಿಗೆ ಗುಪ್ತಪದ ಹಾಕಿ ಯಂತ್ರವನ್ನೇ ಕೆಡಿಸುವ ಕೋಡು ಅದರೊಳಗಿದ್ದದ್ದು 2018ರಲ್ಲೇ ಬಯಲಾಗಿತ್ತು. ಒಬ್ಬರ ಬೀಗ ಒಡೆದು ತಮ್ಮ ಬೀಗ ಹಾಕಿ ಹೋದವರಿಂದ ನಮಗೇನು ಸಿಕ್ಕಿತು? ಆ ಗುಂಪಿನ ಗ್ಯಾರಿ ಬೌಸರ್‌ಗೆ 2022ರಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಶಿಕ್ಷೆ ಕೊಟ್ಟಿತು. ಅವರ ಹಾರ್ಡ್‌ವೇರಿನ ನಕಲುಗಳು ಬೇರೆ ಬೇರೆ ಹೆಸರಲ್ಲಿ ಬಂದವು. ನೆತ್ತಿ ತಿಕ್ಕುವ ಚಾಳಿ ಬೆಳೆಯುವುದು ಇಂಥ ನಕಲಿನ ಪೇಟೆಯಲ್ಲೇ.

2023ರಲ್ಲಿ ಪಿಕೋಫ್ಲೈ ಬಂದು ಆ ಪೇಟೆಯನ್ನು ತಲೆಕೆಳಗು ಮಾಡಿತು. ಅದರ ಮೆದುಳು ರಾಸ್ಪ್‌ಬೆರಿ ಪೈ ಸಂಸ್ಥೆಯ ಆರ್‌ಪಿ2040. 2021ರ ಜನವರಿಯಲ್ಲಿ ನಾಲ್ಕು ಡಾಲರಿನ ಪಿಕೋ ಬೋರ್ಡಿನ ಜೊತೆ ಬಂದ, ಮಕ್ಕಳು ದೀಪ ಮಿನುಗಿಸಲು ಕಲಿಯುವ ಚಿಪ್ಪದು. ಇದನ್ನು ನೆನೆದರೆ ಇವತ್ತಿಗೂ ಸಂತೋಷವಾಗುತ್ತದೆ. ಅದರೊಳಗೆ ಪಿಐಓ ಅನ್ನುವ ಎಂಟು ಪುಟ್ಟ ಯಂತ್ರಗಳಿವೆ. 133 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಒಂದೊಂದು ಹೆಜ್ಜೆ ಏಳೂವರೆ ನ್ಯಾನೋಸೆಕೆಂಡು. ಮುಖ್ಯ ಪ್ರೊಸೆಸರ್ ಏನೇ ಮಾಡುತ್ತಿರಲಿ, ಇವು ತಮ್ಮ ಎಣಿಕೆ ತಪ್ಪುವುದಿಲ್ಲ. ಗ್ಲಿಚ್ಚಿಗೆ ಹೇಳಿ ಮಾಡಿಸಿದ ಗುಣ. ಬೋರ್ಡಿನ ಬಟನ್ ಒತ್ತಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವಿನ ಹಾಗೆ ಕಾಣಿಸುತ್ತದೆ, ಫರ್ಮ್‌ವೇರ್ ಎಳೆದು ಹಾಕಿದರೆ ಆಯಿತು. ತಪ್ಪು ಫರ್ಮ್‌ವೇರ್ ಹಾಕಿದರೂ ಚಿಪ್ಪು ಸಾಯುವುದಿಲ್ಲ, ಯಾಕೆಂದರೆ ಅದರ ಬೂಟ್‌ರೋಮೂ ಸಿಲಿಕಾನಿನಲ್ಲೇ ಅಚ್ಚಾಗಿದೆ. ಒಂದು ವ್ಯತ್ಯಾಸ: ಟೆಗ್ರಾದವರು ತಮ್ಮ ಬೂಟ್‌ರೋಮನ್ನು ಗುಟ್ಟಾಗಿಟ್ಟರು, ಆರ್‌ಪಿ2040ರ ಬೂಟ್‌ರೋಮಿನ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು. ಕೆಲಸ ಕೆಟ್ಟರೆ ಪಿಕೋಫ್ಲೈ ತನ್ನ ದೀಪವನ್ನು ಉದ್ದ, ಗಿಡ್ಡ ಮಿನುಗಿಸಿ ಯಾವ ತಂತಿ ಹಿಡಿದಿಲ್ಲ ಅಂತ ಹೇಳುತ್ತದೆ. ಗುರು ಲಘು ಗುರುತಿಸಿ ಪ್ರಸ್ತಾರ ಹಾಕಿದ ಹಾಗೆ ಕಾಗದದ ಮೇಲೆ ಬರೆದುಕೊಂಡರೆ ದೋಷ ಸಿಕ್ಕಿಬಿಡುತ್ತದೆ. ಹುಡುಗನಿಗೆ ನಾನು ಹೇಳಿದ್ದು ಇದನ್ನೇ: ನೆತ್ತಿಯ ಮೇಲೆ ಹೆಸರಿರುವ ಆರ್‌ಪಿ2040 ತಗೋ, ಮಾಸ್‌ಫೆಟ್ ಇರುವ ಫ್ಲೆಕ್ಸ್ ಕೇಬಲ್ ಬೇರೆ ತಗೋ.

ಕದ್ದ ಆಟ ಆಡುವುದಕ್ಕೆ ಇದೆಲ್ಲ ಬೇಕಾ ಅಂತ ಕೇಳುವವರಿದ್ದಾರೆ. ಕದ್ದ ಆಟ ನನಗೆ ಬೇಡ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಬೀಗ ಮುರಿಯುವವನ ಉದ್ದೇಶವನ್ನು ಕೇಳುತ್ತದೆ. ಹಕ್ಕು ಕಸಿಯುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಉದ್ದೇಶದ ಈ ಗೆರೆ ನ್ಯಾಯವಾದದ್ದು. ಆದರೆ ಕೊಂಡ ಆಟಗಳ ಗತಿ ಏನಾಗುತ್ತಿದೆ ನೋಡಿ. ನಿಂಟೆಂಡೋದ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ಕ್ಕೆ ಮುಚ್ಚಿತು. ಇದೇ ಹೈದರಾಬಾದಿನ ಗೇಮ್‌ಶಾಸ್ತ್ರದವರು ಗಿಲ್ಲಿದಾಂಡು, ಕಬಡ್ಡಿ, ಗಾಳಿಪಟಗಳನ್ನೇ ಆಟವಾಗಿಸಿ 'ದೇಸಿ ಅಡ್ಡಾ' ಮಾಡಿದರು, ಸೋನಿಯ ಪಿಎಸ್2ಕ್ಕೂ ಪಿಎಸ್‌ಪಿಗೂ. ಅಂಥ ಆಟಗಳನ್ನು ನಾಳೆ ಎಲ್ಲಿ ಹುಡುಕುವುದು? ಪಿಎಸ್‌ಪಿಯ ಡಿಸ್ಕ್ ಡ್ರೈವುಗಳು ಒಂದೊಂದಾಗಿ ಕೈಕೊಡುತ್ತಿವೆ. ಡಿಸ್ಕಿನಲ್ಲಿದ್ದದ್ದನ್ನು ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳಲು ಯಂತ್ರದ ಬೀಗ ತೆರೆದಿರಬೇಕು. 2007ರಲ್ಲಿ ಪಿಎಸ್‌ಪಿ ತೆರೆದದ್ದು ಎಷ್ಟು ಚೆಂದ! ಬ್ಯಾಟರಿಯೊಳಗಿನ ಪುಟ್ಟ ಚಿಪ್ಪಿನ ಒಂದು ಕಾಲನ್ನು ಎತ್ತಿಬಿಟ್ಟರೆ ಸಾಕಿತ್ತು. ಯಂತ್ರ ಅದನ್ನು ಸರ್ವಿಸ್ ಸೆಂಟರಿನ ಬ್ಯಾಟರಿ ಅಂದುಕೊಂಡು ಮೆಮೊರಿ ಕಾರ್ಡಿನಿಂದ ಏಳುತ್ತಿತ್ತು. ಪಂಡೋರಾ ಬ್ಯಾಟರಿ ಅಂತ ಅದರ ಹೆಸರು.

ನನಗೆ ಸ್ವಿಚ್ ಬೇಕಾಗಿರುವುದು ಕನ್ನಡ ಓದುವುದಕ್ಕೆ. ಲೈಟ್‌ನ ಪರದೆ ಐದೂವರೆ ಇಂಚು, 1280 ಅಡ್ಡ 720 ಉದ್ದ ಚುಕ್ಕೆ, ಕೈಯಲ್ಲಿ ಹಿಡಿದು ಮಲಗಿಕೊಂಡು ಓದಲು ಇದಕ್ಕಿಂತ ಒಳ್ಳೆ ಗಾತ್ರವಿಲ್ಲ. ಆದರೆ ಅದರೊಳಗಿನ ಫಾಂಟುಗಳಲ್ಲಿ ಜಪಾನಿ ಇದೆ, ಎರಡು ಬಗೆಯ ಚೀನಿ ಇದೆ, ಕೊರಿಯನ್ ಇದೆ, ಕನ್ನಡ ಇಲ್ಲ. ಕನ್ನಡದ ಫೈಲು ತೆರೆದರೆ ಬರೀ ಚೌಕಗಳು. ಯಂತ್ರ ತೆರೆದ ಮೇಲೆ ನಮ್ಮ ಪ್ರೋಗ್ರಾಮು ನಮ್ಮ ಫಾಂಟನ್ನು ಹೊತ್ತುಕೊಂಡೇ ಬರಬಹುದು. ಗುಬ್ಬಿ, ನವಿಲು ಮುಕ್ತ ಫಾಂಟುಗಳು. ಫಾಂಟು ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ "ರಾಷ್ಟ್ರ" ಅನ್ನುವ ಪದ ಷಕಾರ, ಅರ್ಧಾಕ್ಷರದ ಗುರುತು, ಟಕಾರ, ಇನ್ನೊಂದು ಅರ್ಧಾಕ್ಷರದ ಗುರುತು, ರಕಾರ ಅಂತ ಚೆಲ್ಲಾಪಿಲ್ಲಿಯಾಗಿ ಬೀಳುತ್ತದೆ. ಒತ್ತಕ್ಷರ ಕೆಳಗೆ ಹೋಗಿ ಕೂರಲು ಅಕ್ಷರ ಜೋಡಿಸುವ ಲೈಬ್ರರಿ ಹಾರ್ಫ್‌ಬಝ್ ಬೇಕು. ಅದು ಬಂದ ಮೇಲೆ ಷಕಾರದ ಕೆಳಗೆ ಟ ಒತ್ತು, ಅದರ ಮಗ್ಗುಲಿಗೆ ರ ಒತ್ತು ಸರಿಯಾಗಿ ಕೂತವು.

ಆಮೇಲೆ ಸಾಲಿನ ಅಂತರ. ಇಂಗ್ಲಿಷಿನ ಅಳತೆಗೆ ಇಟ್ಟ ಸಾಲಿನಲ್ಲಿ "ಸ್ತ್ರೀ"ಯ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ಎಲ್ಲ ಸಾಲನ್ನೂ ದೂರ ಮಾಡಿದರೆ ಪುಟ ಬೋಳು ಬೋಳಾಗುತ್ತದೆ. ಹಳೆಯ ಗೇಮ್ ಬಾಯ್ ಅಡ್ವಾನ್ಸ್‌ನ 240 ಅಡ್ಡ 160 ಚುಕ್ಕೆಯ ಪರದೆಯಲ್ಲಂತೂ ಒಂದು ಸಾಲಿಗೆ 24 ಚುಕ್ಕೆ ಬಿಟ್ಟರೆ ಆರೇ ಸಾಲು. ಅಲ್ಲಿ ಒಂದೊಂದು ಒತ್ತನ್ನೂ ಚುಕ್ಕೆ ಚುಕ್ಕೆ ಎಣಿಸಿ ಕೈಯಲ್ಲೇ ಬಿಡಿಸಬೇಕು. ಳ ಒತ್ತನ್ನು ಎಂಟು ಚುಕ್ಕೆಯೊಳಗೆ ಓದುವ ಹಾಗೆ ಕೂರಿಸುವುದು ಗ್ಲಿಚ್ಚಿಗಿಂತ ಕಷ್ಟ. ಸ್ವಿಚ್‌ನಲ್ಲಿ ಅಷ್ಟು ಇಕ್ಕಟ್ಟಿಲ್ಲ, ಒತ್ತು ಇಳಿಯುವ ಆಳ ನೋಡಿಕೊಂಡು ಆಯಾ ಸಾಲಿಗೆ ಮಾತ್ರ ಜಾಗ ಬಿಡುವ ಹಾಗೆ ಬರೆದಿದ್ದೇನೆ. ಈಗ ಉಳಿದಿರುವುದು ಸಾಲು ಮುರಿಯುವ ಕೆಲಸ. ಅಂಚಿಗೆ ಬಂದಾಗ ಪ್ರೋಗ್ರಾಮು ಯೂನಿಕೋಡ್ ಸಂಕೇತಗಳನ್ನು ಎಣಿಸಿ ಮುರಿಯುತ್ತಿದೆ. ಅಕ್ಷರ ಮೇಲಿನ ಸಾಲಿನಲ್ಲಿ, ಅದರ ದೀರ್ಘ ಕೆಳಗಿನ ಸಾಲಿನ ಶುರುವಿನಲ್ಲಿ. ಇಡೀ ಅಕ್ಷರವನ್ನು ಒಂದೇ ಗುಂಪಾಗಿ ಹಿಡಿದು ಕೆಳಗೆ ಇಳಿಸುವುದನ್ನು ಅದಕ್ಕೆ ಕಲಿಸಬೇಕು.