ಮನೆಗೂ ಒಂದು ಅಂಕಪಟ್ಟಿ

ಇಂಗ್ಲೆಂಡಿಗೆ ಹೋದರೂ ನಮ್ಮವರಿಗೆ ಮನೆ ಕೊಳ್ಳುವಾಗ ಬಾಗಿಲು ಪೂರ್ವಕ್ಕಿರಬೇಕು, ಅಡುಗೆಮನೆ ಆಗ್ನೇಯಕ್ಕಿರಬೇಕು. ಅಲ್ಲಿನ ಕಾನೂನಿಗೆ ದಿಕ್ಕಿನ ಚಿಂತೆಯಿಲ್ಲ; ಅದಕ್ಕೆ ಬೇಕಾದದ್ದು ಇಪಿಸಿ, ಅಂದರೆ ಮನೆ ಎಷ್ಟು ಇಂಧನ ನುಂಗುತ್ತದೆ ಎಂಬುದರ ಅಂಕಪಟ್ಟಿ. ಮನೆ ಮಾರಾಟಕ್ಕಿಡುವ ಮುಂಚೆಯೇ ಅದಕ್ಕೆ ಏರ್ಪಾಡು ಮಾಡಿರಬೇಕು. 92 ಅಂಕ ಮುಟ್ಟಿದ ಮನೆ ‘ಎ’, 20ರ ಒಳಗಿನದು ‘ಜಿ’. ಬಹುಪಾಲು ಮನೆಗಳು ನಡುವೆ ಎಲ್ಲೋ ‘ಸಿ’, ‘ಡಿ’ ಅಂತ ಪಾಸಾಗಿಬಿಡುತ್ತವೆ.

2007ರಲ್ಲಿ ಇದು ಬಂದಾಗ, ಮಾರುವವರು ಒಪ್ಪಿಸಬೇಕಿದ್ದ ದಪ್ಪ ಕಡತವೊಂದರ ಭಾಗವಾಗಿತ್ತು. 2010ರಲ್ಲಿ ಸರ್ಕಾರ ಬದಲಾದದ್ದೇ ತಡ, ಕಡತಕ್ಕೆ ಮಂಗಳಾರತಿ ಆಯಿತು. ಇಪಿಸಿ ಮಾತ್ರ ಉಳಿದುಕೊಂಡಿತು.

ಪರೀಕ್ಷಕ ಬರುವುದನ್ನು ನೋಡಬೇಕು. ಕೋಣೆ ಅಳೆಯುತ್ತಾನೆ, ಬಾಯ್ಲರಿನ ಮಾಡೆಲ್ ಬರೆದುಕೊಳ್ಳುತ್ತಾನೆ, ಏಣಿ ಹತ್ತಿ ಅಟ್ಟಕ್ಕೆ ತಲೆ ತೂರಿಸಿ ಅಲ್ಲಿ ಹಾಸಿರುವ ಉಣ್ಣೆಗೆ ಸ್ಕೇಲು ಚುಚ್ಚುತ್ತಾನೆ. 270 ಮಿಲಿಮೀಟರ್ ಇದ್ದರೆ ತಕರಾರಿಲ್ಲ. ಹೊರಗೆ ಬಂದು ಇಟ್ಟಿಗೆ ಸಾಲು ದಿಟ್ಟಿಸುತ್ತಾನೆ: ಇಟ್ಟಿಗೆಯ ಉದ್ದ ಮೈಯಷ್ಟೇ ಕಂಡರೆ ಗೋಡೆಯ ನಡುವೆ ಸಾಮಾನ್ಯವಾಗಿ ಪೊಳ್ಳು ಜಾಗವಿರುತ್ತದೆ, ನಡುನಡುವೆ ಮೋಟು ತುದಿಯೂ ಕಂಡರೆ ಗಟ್ಟಿಗೋಡೆ, ಬಿಸಿ ಸೋರುವ ಹಳೇ ಕಾಲದ್ದು. ಗೋಡೆಯೊಳಗೆ ಏನೋ ತುಂಬಿಸಿದ್ದೇವೆ ಎಂದು ಬಾಯಲ್ಲಿ ಹೇಳಿದರೆ ನಡೆಯದು, ಕಾಗದ ತೋರಿಸಬೇಕು. ಇಲ್ಲದಿದ್ದರೆ ಕಟ್ಟಡದ ವಯಸ್ಸು ನೋಡಿ ಅಂದಾಜು ಅಂಕ.

ಇನ್ನೂ ತಮಾಷೆ ಎಂದರೆ, ಅಂಕ ಮನೆಗೇ ಹೊರತು ಮನೆಯವರಿಗಲ್ಲ. ಎರಡು ಸ್ವೆಟರ್ ಹಾಕಿ, ಮೇಲೊಂದು ಶಾಲು ಹೊದ್ದು, ಹೀಟರ್ ಆರಿಸಿ ಕೂರುವ ಅಜ್ಜಿಗೆ ಒಂದು ಅಂಕವೂ ಹೆಚ್ಚಿಗೆ ಸಿಗದು. ಹೀಟರ್ ಉರಿಸಿ ಕಿಟಕಿ ತೆರೆದಿಡುವ ಮೊಮ್ಮಗನಿಗೆ ಅರ್ಧ ಅಂಕವೂ ಕಳೆಯದು. ಲೆಕ್ಕದಲ್ಲಿರುವುದು ಒಂದು ಕಾಲ್ಪನಿಕ ಸಂಸಾರ. ಅಂಕ ನಿಂತಿರುವುದೂ ಇಂಧನದ ಖರ್ಚಿನ ಮೇಲೆ. ಹಾಗಾಗಿ ಹೊಗೆಯಿಲ್ಲದ ಕರೆಂಟಿನ ಹೀಟರಿಗಿಂತ ಗ್ಯಾಸ್ ಬಾಯ್ಲರೇ ಎಷ್ಟೋ ಸಲ ಹೆಚ್ಚು ಅಂಕ ಗಿಟ್ಟಿಸುತ್ತದೆ.

ಹಾಗಂತ ಪತ್ರ ದಂಡವಲ್ಲ. ಬಾಡಿಗೆ ಮನೆಗೆ ಕನಿಷ್ಠ ‘ಇ’ ಇರಬೇಕೆಂದು 2018ರಿಂದ ನಿಯಮ ಬಂದ ಮೇಲೆ ಮಾಲೀಕರೂ ಅಟ್ಟ ಹತ್ತಲು ಕಲಿತರು. ಅಲ್ಲಿ ಮನೆ ಕೊಳ್ಳುವವರಿಗೆ ನನ್ನದೊಂದು ಮಾತು: ಅಕ್ಷರ ನೋಡಿ ಮರುಳಾಗಬೇಡಿ. ಪತ್ರ ಹತ್ತು ವರ್ಷ ನಡೆಯುತ್ತದೆ, ಹಾಗಾಗಿ ತಾರೀಖು ನೋಡಿ, ಮಾಡಿಸಬೇಕಾದ ಕೆಲಸಗಳ ಪಟ್ಟಿ ಓದಿ, ಹೋದ ಚಳಿಗಾಲದ ಬಿಲ್ ಕೇಳಿ. ವಾಸ್ತು ಆಮೇಲೆ ನೋಡಿಕೊಳ್ಳಬಹುದು.