ಕುಣಿಯೋರ ಕಾಲು ನೋಡಿ ಬಡಿಯೋರು

ಆಫೀಸಿನ ಆನ್ಯುಯಲ್ ಡೇಗೆ ಹಿಪ್ ಹಾಪ್ ಕಲಿಸಲು ಬರುತ್ತಿದ್ದ ಹುಡುಗ ಪ್ರತಿ ಸಲ "ಫೈವ್, ಸಿಕ್ಸ್, ಸೆವೆನ್, ಏಯ್ಟ್" ಅಂತಲೇ ಶುರು ಮಾಡುತ್ತಿದ್ದ. ಒಂದಿನ ಟೆಸ್ಟಿಂಗ್ ಟೀಮಿನ ಹುಡುಗಿಯೊಬ್ಬಳು, "ಹಾಡು ನಮಗೋಸ್ಕರ ಒಂಚೂರು ಕಾಯಲ್ವಾ ಮಾಸ್ಟರ್?" ಅಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ತಮಾಷೆ ಅನ್ನಿಸಲಿಲ್ಲ. ಹಿಪ್ ಹಾಪ್ ಹುಟ್ಟಿದ್ದೇ ಹಾಡು ಕುಣಿಯೋರಿಗೋಸ್ಕರ ಕಾದು ನಿಂತಾಗ.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ಅಪಾರ್ಟ್‌ಮೆಂಟು. ಸ್ಕೂಲ್ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕೋಕೆ ಅವಳ ಅಣ್ಣ ಕ್ಲೈವ್. ಊರು ಜಮೈಕಾದ ಕಿಂಗ್‌ಸ್ಟನ್, ಬ್ರಾಂಕ್ಸಿಗೆ ಬಂದಿದ್ದು 1967ರಲ್ಲಿ. ಆಗ ಅವನಿಗೆ 12 ವರ್ಷ. ಜಗತ್ತು ಅವನನ್ನು ಕೂಲ್ ಹರ್ಕ್ ಅಂತ ಕರೆಯುತ್ತೆ.

ಹರ್ಕ್ ಮಾಡಿದ ದೊಡ್ಡ ಕೆಲಸ ನೋಡುತ್ತಾ ನಿಂತಿದ್ದು. ಕೆಲವರು ಹಾಡಿಡೀ ಸುಮ್ಮನಿದ್ದು, ಗಾಯನ ನಿಂತು ಡ್ರಮ್ ಮಾತ್ರ ಉಳಿಯೋ ಆ ಕೆಲವೇ ಸೆಕೆಂಡಿಗೆ ಕಾಯುತ್ತಿದ್ದರು. ಆ ತುಣುಕಿಗೆ 'ಬ್ರೇಕ್' ಅಂತ ಹೆಸರು. ಅವನು ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಬ್ರೇಕನ್ನೇ ಉದ್ದ ಮಾಡಿದ. ಅದಕ್ಕೆ ಕುಣಿದವರು ಬಿ-ಬಾಯ್, ಬಿ-ಗರ್ಲ್.

ಇದನ್ನ ಕೇಳಿ 'ಹಿಪ್ ಹಾಪ್ ಜಮೈಕಾದ್ದು' ಅಂದುಬಿಡೋದು ಸುಲಭ. ಅಷ್ಟು ನೇರ ಇಲ್ಲ. ಬ್ರಾಂಕ್ಸಿನ ಹುಡುಗರಿಗೆ ರೆಗೆ ರುಚಿಸಲಿಲ್ಲ, ಅವರಿಗೆ ಬೇಕಿದ್ದಿದ್ದು ಜೇಮ್ಸ್ ಬ್ರೌನ್. ಹರ್ಕ್ ಅದನ್ನೇ ಹಾಕಿದ. ನನ್ನ ಪ್ರಕಾರ ಕೆರಿಬಿಯನ್‌ನಿಂದ ಬಂದದ್ದು ಹಾಡಲ್ಲ, ಬಡಿಯೋರಿಗೂ ಕುಣಿಯೋರಿಗೂ ಇರೋ ಸಂಬಂಧ.

ಪೋರ್ಟೊ ರಿಕೋದ ಬೊಂಬಾ ನೋಡಿ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರು ಕಟ್ಟಿಕೊಂಡ ಕುಣಿತ ಅದು. ಪೀಪಾಯಿಗೆ ಚರ್ಮ ಬಿಗಿದ ಡ್ರಮ್ಮುಗಳು. ಕುಣಿಯೋಳು ಮುಖ್ಯ ಡ್ರಮ್ಮಿನ ಮುಂದೆ ಬಂದು ಲಂಗದ ಅಂಚು ಝಾಡಿಸಿದರೆ ಅಲ್ಲೊಂದು ಪೆಟ್ಟು ಬೀಳಬೇಕು, ಭುಜ ಕುಲುಕಿದರೆ ಇನ್ನೊಂದು. ತಾಳ ಅವಳದು, ಅವನು ಹಿಂಬಾಲಿಸೋನು. ಅವನು ತಪ್ಪಿದರೆ ಗೆದ್ದಿದ್ದು ಅವಳು. ಬ್ರಾಂಕ್ಸಿನ ಬಿ-ಬಾಯ್‌ಗಳಲ್ಲಿ ಪೋರ್ಟೊ ರಿಕನ್ ಮನೆಗಳ ಹುಡುಗರು ಬಹಳ. 1977ರಲ್ಲಿ ಶುರುವಾದ ರಾಕ್ ಸ್ಟೆಡಿ ಕ್ರೂವಿನ ಕ್ರೇಜಿ ಲೆಗ್ಸ್ ಕೂಡ ಅಂಥವನೇ. ಅವರೆಲ್ಲ ಬೊಂಬಾ ಕಲಿತಿದ್ದರು ಅಂತಲ್ಲ. ಆದರೆ ಡ್ರಮ್ಮಿನ ಎದುರು ನಿಂತು ಸವಾಲು ಹಾಕೋದು ಅವರ ಮನೆಗಳಿಗೆ ಹೊಸದೇನಾಗಿರಲಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಬಿ-ಬಾಯ್‌ಗಳ ರಾಷ್ಟ್ರಗೀತೆ ಅನ್ನಿಸಿಕೊಂಡ, ಇನ್‌ಕ್ರೆಡಿಬಲ್ ಬೊಂಗೊ ಬ್ಯಾಂಡಿನ 'ಅಪಾಚೆ'ಯಲ್ಲಿ ಕೈಡ್ರಮ್ ಬಾರಿಸಿದ ಕಿಂಗ್ ಎರಿಸನ್ ಬಹಾಮಾಸ್‌ನವನು. ಬ್ರಾಂಕ್ಸಿನ ಹುಡುಗರು ಜೀವಬಿಟ್ಟು ಕುಣಿದದ್ದು ದ್ವೀಪದ ಕೈಗಳಿಗೇ.

ಆ ವೃತ್ತವೂ ಹಳೇದು. ಟ್ರಿನಿಡಾಡ್‌ನ ಕಲಿಂಡಾದಲ್ಲಿ ಜನ ಸುತ್ತ ನಿಲ್ತಾರೆ, ಡ್ರಮ್ ಬಡೀತಿರುತ್ತೆ, ಒಳಗಿಬ್ಬರು ಕುಣಿಯುತ್ತಲೇ ದೊಣ್ಣೆ ಬೀಸ್ತಾರೆ. 1881ರಲ್ಲಿ ಕಾರ್ನಿವಲ್ ಹೊತ್ತಲ್ಲಿ ಬ್ರಿಟಿಷ್ ಪೊಲೀಸರು ಇವರನ್ನು ತಡೆಯೋಕೆ ಹೋಗಿ ಗಲಭೆಯಾಯ್ತು. ಆಮೇಲೆ ಡ್ರಮ್ಮಿಗೇ ಕಾನೂನಿನ ಕಡಿವಾಣ. ಜನ ಬಿದಿರು ಕಡಿದು ನೆಲಕ್ಕೆ ಕುಟ್ಟಿದರು! ಬಿ-ಬಾಯ್ ವೃತ್ತದಲ್ಲಿ ದೊಣ್ಣೆ ಇಲ್ಲ, ಎದುರಾಳಿಯನ್ನು ಮುಟ್ಟೋ ಹಾಗೂ ಇಲ್ಲ, ಆದರೆ ಕಣ್ಣಲ್ಲಿ ಅದೇ ಜಗಳ.

ಜಮೈಕಾದ ಡಿಂಕಿ ಮಿನಿ ಸತ್ತವರ ಮನೇಲಿ ಕುಣಿಯೋದು. ಮಂಡಿ ಬಗ್ಗಿಸಿ, ಸೊಂಟ ಕುಲುಕಿಸಿ, ಅಳುವವರನ್ನ ನಗಿಸೋಕೆ. ಹೆಣದ ಮುಂದೆ ತಮಟೆಗೆ ಕುಣಿಯೋದನ್ನ ನೋಡಿ ಬೆಳೆದ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೂ ಬ್ರೇಕಿಂಗ್ ಹೋಯ್ತು. ಚಿನ್ನ ಗೆದ್ದವರು ಜಪಾನಿನ ಆಮಿ, ಕೆನಡಾದ ಫಿಲ್ ವಿಜರ್ಡ್. ಯಾವ ಹಾಡು ಬರುತ್ತೆ ಅಂತ ಕುಣಿಯೋರಿಗೆ ಮೊದಲೇ ಹೇಳಿರಲಿಲ್ಲ, ಡಿಜೆ ಹಾಕಿದ್ದಕ್ಕೆ ಅಲ್ಲೇ ಉತ್ತರ ಕೊಡಬೇಕು. ಜಡ್ಜ್‌ಗಳ ಅಂಕ, ಸ್ಕ್ರೀನು ಎಲ್ಲ ಇತ್ತು. ನಾನು ನೋಡ್ತಿದ್ದಿದ್ದು ಡಿಜೆಯನ್ನ. ತಲೆ ಬಗ್ಗಿಸಿಕೊಂಡಿದ್ದರೂ ಆಗಾಗ ಕತ್ತೆತ್ತಿ ಕುಣಿಯೋರ ಕಾಲು ನೋಡ್ತಿದ್ದ.